ಕಬಾಬಿಗೂ ಮೊದಲು ಗಾಳಿ

ಕೆಲವು ವರ್ಷಗಳ ಹಿಂದೆ, ಬಕ್ರೀದ್‌ನ ಮರುದಿನ ರಾತ್ರಿ ಹತ್ತೂವರೆಗೆ ಒಂದೇ ಮನೆಯ ಮೂವರು ನನ್ನ ಬಳಿ ಬಂದರು. ತಾಯಿ ಮತ್ತು ಇಬ್ಬರು ಮಕ್ಕಳು. ಮೂವರಿಗೂ ತಲೆನೋವು, ವಾಕರಿಕೆ. ಚಿಕ್ಕ ಹುಡುಗಿಗೆ ಕಣ್ಣು ತೆರೆಯಲಾಗದಷ್ಟು ಮಂಪರು. "ಆಪಾ, ಮನೆಯಲ್ಲೇ ಕಬಾಬ್ ಸುಟ್ಟಿದ್ವಿ, ಮಾಂಸ ಸರಿಯಾಗಿ ಬೆಂದಿರಲಿಲ್ಲವೇನೋ" ಎಂದರು ಆ ತಾಯಿ. ಹಬ್ಬದ ಮರುದಿನ ಇಂಥ ದೂರು ನಮಗೆ ಹೊಸದಲ್ಲ. ನಾಡಿ ನೋಡಿದೆ, ಹೊಟ್ಟೆ ಮುಟ್ಟಿ ನೋಡಿದೆ, ಅಜೀರ್ಣವೆಂದು ಜವಾರಿಷ್ ಕಮೂನಿ ಕೊಟ್ಟು ಮನೆಗೆ ಹೋಗಿ ಮಲಗಿ ಎಂದೆ. ಅವರು ಬಾಗಿಲು ದಾಟುವಾಗ ಹುಡುಗ ಹೇಳಿದ: "ಅಮ್ಮಿ, ಒಲೆಯಲ್ಲಿ ಇನ್ನೂ ಕೆಂಡ ಇದೆ, ಅಬ್ಬಾ ಅಲ್ಲೇ ಮಲಗಿದ್ದಾರೆ."

ಆಗ ನನಗೆ ಹೊಳೆಯಿತು. ಸಂಜೆ ಮಳೆ ಬಂದಿತ್ತು. ಮಾಳಿಗೆಯ ಮೇಲಿದ್ದ ಸಿಗ್ಡಿಯನ್ನು ಇವರು ಕೆಂಡದ ಸಮೇತ ನಡುಮನೆಗೆ ಇಳಿಸಿದ್ದರು. ಎರಚಲು ಹೊಡೆಯುತ್ತದೆಂದು ಕಿಟಕಿ ಮುಚ್ಚಿದ್ದರು. ಆ ಮನೆಯ ಯಜಮಾನರನ್ನು ನೆರೆಯವರು ಹೊರಗೆ ಎಳೆದು ತಂದರು. ಆಸ್ಪತ್ರೆಯಲ್ಲಿ ನಾಲ್ವರಿಗೂ ಆಮ್ಲಜನಕ ಕೊಟ್ಟ ಮೇಲೆ ಚೇತರಿಸಿಕೊಂಡರು, ಅಲ್‌ಹಮ್ದುಲಿಲ್ಲಾಹ್. ಹುಡುಗ ಆ ಮಾತು ಆಡದಿದ್ದರೆ ನಾನು ಅವರನ್ನು ಅದೇ ಕೋಣೆಗೆ ಮಲಗಲು ಕಳಿಸಿಬಿಡುತ್ತಿದ್ದೆ. ತಪ್ಪು ನನ್ನದೇ. "ಒಲೆ ಎಲ್ಲಿಟ್ಟಿದ್ದಿರಿ?" ಎಂಬ ಒಂದು ಪ್ರಶ್ನೆಯನ್ನು ನಾನು ಕೇಳಿರಲಿಲ್ಲ.

ಈಗ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಲ್ಲ ಕಡೆಯೂ ಮನೆಯ ಮೇಲೆ ಬಾರ್ಬೆಕ್ಯೂ ಮಾಡುವುದು ಹೆಚ್ಚಾಗಿದೆ. ದುಬೈ, ಸೌದಿಯಿಂದ ರಜೆಗೆ ಬಂದ ಹುಡುಗರು ಅಲ್ಲಿ ಕಂಡದ್ದನ್ನು ಇಲ್ಲಿ ಮಾಡುತ್ತಾರೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವವರು ಮಡಚುವ ಒಲೆ ಕೊಂಡು ತರುತ್ತಾರೆ. ಒಳ್ಳೆಯದೇ. ಹೊರಗಿನ ಎಣ್ಣೆಯಲ್ಲಿ ಮತ್ತೆ ಮತ್ತೆ ಕರಿದ ಕೋಳಿಗಿಂತ ಮನೆಯವರೆಲ್ಲ ಕೂತು ಸುಟ್ಟ ಬೋಟಿ ಎಷ್ಟೋ ಮೇಲು. ಆದರೆ ನನ್ನನ್ನು ಕೇಳುವವರೆಲ್ಲ ಯಾವ ಮಸಾಲೆ, ಯಾವ ಕಂಪನಿಯ ಒಲೆ ಎಂದೇ ಕೇಳುತ್ತಾರೆ. ಎಲ್ಲಿ ಇಡಬೇಕು ಎಂದು ಯಾರೂ ಕೇಳುವುದಿಲ್ಲ.

ಯೂನಾನಿಯಲ್ಲಿ ಆರೋಗ್ಯಕ್ಕೆ ಬೇಕೇ ಬೇಕಾದ ಆರು ಸಂಗತಿಗಳನ್ನು ಅಸ್ಬಾಬೆ ಸಿತ್ತಾ ಜರೂರಿಯಾ ಎನ್ನುತ್ತೇವೆ. ಅದರಲ್ಲಿ ಅನ್ನ-ಪಾನ ಎರಡನೆಯದು. ಮೊದಲನೆಯದು ಸುತ್ತಲಿನ ಗಾಳಿ. ಕಾಲೇಜಿನಲ್ಲಿ ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಈ ಕ್ರಮದ ಬೆಲೆ ನನಗೆ ಆ ರಾತ್ರಿ ತಿಳಿಯಿತು.

ಇದ್ದಿಲು ಪೂರ್ತಿ ಉರಿಯಲು ಧಾರಾಳ ಗಾಳಿ ಬೇಕು. ಗಾಳಿ ಸಾಲದ ಕಡೆ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅದು ಅಂಟಿಕೊಳ್ಳುತ್ತದೆ. ಹೊಗೆ ಇಲ್ಲವಲ್ಲ ಎಂದು ಧೈರ್ಯ ಮಾಡಬೇಡಿ. ಹೊಗೆಯಾಡದ ಕೆಂಪು ಕೆಂಡದಿಂದಲೇ ಇದು ಬರುತ್ತದೆ. ಒಂದು ಕಿಟಕಿ ತೆರೆದಿಟ್ಟರೆ ಸಾಲದು. ಶೀಟು ಹಾಕಿ ಮೂರು ಕಡೆ ಮುಚ್ಚಿದ ವರಾಂಡ, ಕಾರು ನಿಲ್ಲಿಸುವ ಶೆಡ್ಡು, ಮೆಟ್ಟಿಲ ಮೇಲಿನ ಕೋಣೆ ಯಾವುದೂ ಬೇಡ. ಮೇಲೆ ಆಕಾಶ ಕಾಣುವ ಜಾಗವೇ ಆಗಬೇಕು. ಡಿಸೆಂಬರ್-ಜನವರಿಯ ನಮ್ಮ ಚಳಿಯಲ್ಲಿ ಉಳಿದ ಕೆಂಡವನ್ನು ಬಾಣಂತಿಯ ಕೋಣೆಗೋ ವಯಸ್ಸಾದವರ ಮಂಚದ ಕೆಳಗೋ ಇಡುವ ಅಭ್ಯಾಸ ಕೆಲವು ಮನೆಗಳಲ್ಲಿ ಇನ್ನೂ ಇದೆ. ಅದನ್ನೂ ಬಿಡಬೇಕು.

ಒಂದೇ ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಒಟ್ಟಿಗೆ ತಲೆನೋವು, ತಲೆಸುತ್ತು, ವಾಂತಿ, ಮಂಪರು ಬಂದು, ಬೇಧಿ ಇಲ್ಲದಿದ್ದರೆ ಮಾಂಸವನ್ನು ದೂರುವ ಮೊದಲು ಗಾಳಿಯನ್ನು ಅನುಮಾನಿಸಿ. ಎಲ್ಲರನ್ನೂ ಹೊರಗೆ ತನ್ನಿ, 108ಕ್ಕೆ ಫೋನ್ ಮಾಡಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ಇಂಥ ಹೊತ್ತಿನಲ್ಲಿ 98 ತೋರಿಸಿದರೂ ನಂಬಬೇಡಿ; ಆ ಯಂತ್ರಕ್ಕೆ ಈ ಎರಡು ಅನಿಲಗಳ ವ್ಯತ್ಯಾಸ ತಿಳಿಯುವುದಿಲ್ಲ. ದಯವಿಟ್ಟು ನನ್ನ ಬಳಿಯೂ ಬರಬೇಡಿ. ಇದಕ್ಕೆ ಮದ್ದು ಆಮ್ಲಜನಕ, ಅದು ಆಸ್ಪತ್ರೆಯಲ್ಲಿದೆ.

ಇನ್ನು ಒಲೆಯ ಮಾತು. ಸಾವಿರಾರು ರೂಪಾಯಿ ಸುರಿಯಬೇಕಿಲ್ಲ. ಐದಾರು ಜನರ ಮನೆಗೆ ನನ್ನ ಮೊದಲ ಆಯ್ಕೆ ಇಟ್ಟಿಗೆಯ ಒಲೆ. ಇಟ್ಟಿಗೆ, ಹೆಂಚಿಗೆ ಹೆಸರಾದ ಮಾಲೂರು ಪಕ್ಕದಲ್ಲಿರುವಾಗ ದೂರದಿಂದ ಡಬ್ಬಿ ತರಿಸುವುದೇಕೆ? ಮಾಳಿಗೆಯ ಮೇಲೆ ಮೊದಲು ಎರಡು ಅಂಗುಲ ಮರಳು ಹರಡಿ, ಅದರ ಮೇಲೆ ಒಂದು ಸಾಲು ಇಟ್ಟಿಗೆ ಮಲಗಿಸಿ. ಮರಳಿಲ್ಲದೆ ಮಾಡಿದರೆ ಶಾಖಕ್ಕೆ ಗಾರೆ ಸೀಳಿ, ಮಳೆಗಾಲದಲ್ಲಿ ಕೆಳಗೆ ಸೋರುತ್ತದೆ. ನಂತರ ಮೂರು ಕಡೆ ಗೋಡೆಯಂತೆ ಇಟ್ಟಿಗೆ ಜೋಡಿಸಿ. ಸಿಮೆಂಟು ಬೇಡ, ಅಲ್ಲಲ್ಲಿ ಬೆರಳಗಲ ಸಂದು ಬಿಟ್ಟರೆ ಗಾಳಿಯಾಡುತ್ತದೆ. ಕೆಂಡದ ಮೇಲ್ಮೈಗೂ ಜಾಲರಿಗೂ ನಡುವೆ ನಾಲ್ಕೈದು ಅಂಗುಲ ಅಂತರವಿರಲಿ. ಇಟ್ಟಿಗೆ ಒಣಗಿರಬೇಕು, ಮಳೆಯಲ್ಲಿ ನೆನೆದದ್ದು ಬಿಸಿಗೆ ಚಟಾರೆಂದು ಸಿಡಿಯುತ್ತದೆ. ಪ್ಲಾಸ್ಟಿಕ್ ನೀರಿನ ಟ್ಯಾಂಕು, ಸೋಲಾರ್ ಪೈಪು, ಬಟ್ಟೆ ಒಣಗಿಸುವ ತಂತಿ, ಕೇಬಲ್ಲು ಇವುಗಳಿಂದ ಹತ್ತು ಅಡಿಯಾದರೂ ದೂರವಿರಲಿ. ಗಾಳಿ ಯಾವ ಕಡೆ ಬೀಸುತ್ತಿದೆ ಎಂದೂ ನೋಡಿಕೊಳ್ಳಿ. ಪಕ್ಕದ ಮನೆಯಲ್ಲಿ ಉಬ್ಬಸದವರಿರಬಹುದು, ಮಾಂಸದ ವಾಸನೆ ಆಗದವರಿರಬಹುದು. ನೆರೆಯವರ ಹಕ್ಕು ನಮಗೆ ಗೊತ್ತಿರುವುದೇ. ಮೊದಲೇ ಒಂದು ಮಾತು ಹೇಳಿ, ಅವರ ಕಿಟಕಿಯಿಂದ ದೂರದ ಮೂಲೆ ಹಿಡಿಯಿರಿ.

ಕೊಳ್ಳುವುದಾದರೆ ದಪ್ಪ ಕಬ್ಬಿಣದ, ಕಾಲುಗಳು ಅಲ್ಲಾಡದ ಸಿಗ್ಡಿ ಕೊಳ್ಳಿ. ಸೂಟ್‌ಕೇಸಿನಂತೆ ಮಡಚುವ ತೆಳು ತಗಡಿನ ಒಲೆ ಎರಡು ಹಬ್ಬಕ್ಕೇ ಸೊಟ್ಟಗಾಗುತ್ತದೆ; ಮಕ್ಕಳು ಓಡಾಡುವ ಮನೆಯಲ್ಲಿ ಅದು ಉರುಳುವ ಭಯ ಬೇರೆ. ಹಳೆ ಡ್ರಮ್ಮನ್ನು ಸೀಳಿ ಒಲೆ ಮಾಡಿಸುವವರು ಅದರಲ್ಲಿ ಮೊದಲು ಏನಿತ್ತೆಂದು ವಿಚಾರಿಸಿ. ಕೈಗಾರಿಕೆಗಳಿಂದ ಬಂದ ರಾಸಾಯನಿಕದ ಡ್ರಮ್ಮು ಎಷ್ಟು ತೊಳೆದರೂ ಅಡುಗೆಗೆ ಬರುವುದಲ್ಲ.

ಒಲೆಗಿಂತ ಹೆಚ್ಚು ತಪ್ಪಾಗುವುದು ಜಾಲರಿಯಲ್ಲಿ. ಕೋಳಿಗೂಡಿನ ಜಾಲರಿ, ಕಿಟಕಿಯ ಜಾಲರಿ, ಬೇಲಿಯ ತಂತಿ ಅಗ್ಗವೆಂದು ಹಾಸಿಬಿಡುತ್ತಾರೆ. ಅವುಗಳ ಮೇಲೆ ತುಕ್ಕು ಹಿಡಿಯದಿರಲೆಂದು ಸತುವಿನ ಲೇಪ ಇರುತ್ತದೆ. ಕೆಂಡದ ಉರಿಗೆ ಅದು ಕೆಟ್ಟು ಹೊಗೆಗೂ ಆಹಾರಕ್ಕೂ ಸೇರುತ್ತದೆ. ಸತುವಿನ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ ಬರುವುದುಂಟು. ಹಳೆ ಫ್ರಿಜ್ಜಿನ ತಂತಿ ತಟ್ಟೆಯೂ ಬೇಡ, ಅದರ ಲೇಪ ಯಾವುದೆಂದು ಯಾರಿಗೂ ತಿಳಿಯದು. ಸ್ಟೀಲಿನದೋ ಲೇಪವಿಲ್ಲದ ಕಬ್ಬಿಣದ್ದೋ ಆಗಲಿ. ತಿಕ್ಕಲು ತಂತಿಯ ಬ್ರಷ್ ಬಳಸಬೇಡಿ. ಕೂದಲಿನಂಥ ಅದರ ಎಳೆ ಮುರಿದು ಜಾಲರಿಗೆ ಅಂಟಿ, ಕಬಾಬಿನ ಜೊತೆ ಗಂಟಲಿಗೆ ಇಳಿದರೆ ಆಪರೇಷನ್ನೇ ಬೇಕಾದೀತು. ಜಾಲರಿ ಬಿಸಿಯಿರುವಾಗ ಅರ್ಧ ಈರುಳ್ಳಿಯನ್ನು ಇಕ್ಕಳದಲ್ಲಿ ಹಿಡಿದು ಉಜ್ಜಿದರೆ ಸಾಕು.

ಸೀಕು ಎರಡು ಬಗೆ ಇಟ್ಟುಕೊಳ್ಳಿ. ಖೀಮಾಕ್ಕೆ ಅರ್ಧ ಅಂಗುಲ ಅಗಲದ ಚಪ್ಪಟೆ ಕಂಬಿ, ಬೋಟಿಗೆ ತೆಳುವಾದದ್ದು. ಬಿದಿರು ಕಡ್ಡಿಯಾದರೆ ಅರ್ಧ ಗಂಟೆ ನೀರಿನಲ್ಲಿ ನೆನೆಸಿ. ತೋಟಕ್ಕೆ ಊಟಕ್ಕೆ ಹೋದಾಗ ಮಕ್ಕಳು ಕೈಗೆ ಸಿಕ್ಕ ಗಿಡದ ಕಡ್ಡಿ ಮುರಿದು ಮಾಂಸ ಚುಚ್ಚುತ್ತಾರೆ, ಕಣ್ಣಿಟ್ಟಿರಿ. ಕಣಗಿಲೆ ಗಿಡದ ಹೂ, ಎಲೆ, ಕಡ್ಡಿ ಎಲ್ಲವೂ ವಿಷ.

ಇದ್ದಿಲು ಗಟ್ಟಿಯಾಗಿರಲಿ. ತಟ್ಟಿದರೆ ಮಡಕೆಯ ಚೂರಿನಂತೆ ಟಣ್ಣೆನ್ನಬೇಕು. ಬಳ್ಳಾರಿ ಜಾಲಿ, ಸರ್ವೆ ಮರದ ಇದ್ದಿಲು ಹೆಚ್ಚು ಹೊತ್ತು ನಿಲ್ಲುತ್ತದೆ. ತೆಂಗಿನ ಚಿಪ್ಪಿನ ಇದ್ದಿಲೂ ಚೆನ್ನ. ಶ್ರೀನಿವಾಸಪುರದ ಕಡೆಯವರಿಗೆ ತೋಟದ ಒಣ ಮಾವಿನ ಕೊಂಬೆ ಸಿಗುತ್ತದೆ, ಅದರ ಹೊಗೆಗೆ ಒಳ್ಳೆಯ ಪರಿಮಳ. ಮದ್ದು ಹೊಡೆದು ವಾರವಾಗದ ಮರದ್ದು ಮಾತ್ರ ಬೇಡ. ರೇಷ್ಮೆ ಮನೆಗಳಲ್ಲಿ ಮಿಗುವ ಹಿಪ್ಪುನೇರಳೆ ಕಡ್ಡಿ ಬೆಂಕಿ ಹಿಡಿಸಲು ಚೆನ್ನಾಗಿದೆ. ಪ್ಲೈವುಡ್, ಬಣ್ಣ ಬಳಿದ ಕಿಟಕಿ-ಬಾಗಿಲು, ಮೊಳೆ ಹೊಡೆದ ಪ್ಯಾಕಿಂಗ್ ಹಲಗೆ ಇವನ್ನು ಒಲೆಗೆ ಹಾಕಲೇಬೇಡಿ, ಅಂಟಿನ ಹೊಗೆ ನೇರ ನಿಮ್ಮ ಊಟಕ್ಕೆ ಹತ್ತುತ್ತದೆ. ಒಂದು ಕಿಲೋ ಮಾಂಸಕ್ಕೆ ಒಂದರಿಂದ ಒಂದೂವರೆ ಕಿಲೋ ಇದ್ದಿಲು ಸಾಕಾಗುತ್ತದೆ.

ಹೊತ್ತಿಸಲು ಸೀಮೆಎಣ್ಣೆ, ಪೆಟ್ರೋಲ್, ಸ್ಯಾನಿಟೈಸರ್ ಬೇಡವೇ ಬೇಡ. ಕೆಂಡ ಆರಿದೆಯೆಂದು ಮೇಲಿಂದ ಸುರಿದಾಗ ಜ್ವಾಲೆ ಬಾಟಲಿಗೇ ಏರುತ್ತದೆ. ಮುಖ, ಕೈ ಸುಟ್ಟುಕೊಂಡು ಬಂದವರನ್ನು ನೋಡಿದ್ದೇನೆ. ತೆಂಗಿನ ನಾರು, ಕಾಗದ, ಒಣಕಡ್ಡಿ ಕೆಳಗಿಟ್ಟು, ಮೇಲೆ ಇದ್ದಿಲನ್ನು ಗೋಪುರದಂತೆ ಪೇರಿಸಿ, ಇಪ್ಪತ್ತೈದು ನಿಮಿಷ ಕಾಯಿರಿ. ಇದ್ದಿಲ ಮೈ ಬೂದಿ ಬಣ್ಣಕ್ಕೆ ತಿರುಗಿದ ಮೇಲೆಯೇ ಮಾಂಸ ಇಡಬೇಕು. ನೈಲಾನ್ ದುಪಟ್ಟಾ, ಉದ್ದ ತೋಳು ಮೇಲೆ ಕಟ್ಟಿಕೊಳ್ಳಿ. ಪಕ್ಕದಲ್ಲಿ ಒಂದು ಬಕೆಟ್ ನೀರು, ಒಂದು ಬಾಂಡಲಿ ಮರಳು ಇರಲಿ. ಸುಟ್ಟರೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಿರಿ. ಪೇಸ್ಟು, ತುಪ್ಪ, ಇಂಕು ಹಚ್ಚಬೇಡಿ.

ಇನ್ನು ಮಾಂಸ. ಕುರ್ಬಾನಿಯಾದ ಎರಡು ಗಂಟೆಗೇ ಕೆಂಡಕ್ಕೆ ಹಾಕಿ "ರಬ್ಬರ್ ಥರ ಇದೆ" ಎನ್ನುವವರಿದ್ದಾರೆ. ಆಗ ತಾನೇ ಜಿಬಹ್ ಆದ ಪ್ರಾಣಿಯ ಸ್ನಾಯು ಕೆಲವು ಗಂಟೆ ಸೆಟೆದಿರುತ್ತದೆ. ಮೊದಲ ದಿನ ಕಲೇಜಿ, ಸಾರು ಮಾಡಿ. ಸುಡುವ ತುಂಡುಗಳು ಒಂದು ರಾತ್ರಿ ಫ್ರಿಜ್ಜಿನಲ್ಲಿರಲಿ. ಕಲೇಜಿಯ ಒಳಗೂ ಕೆಂಪು ಉಳಿಯದಂತೆ ಬೇಯಿಸಿ. ಐದು ಕಿಲೋ ಬೆಚ್ಚಗಿನ ಮಾಂಸವನ್ನು ಒಂದೇ ಚೀಲದಲ್ಲಿ ತುಂಬಿ ಫ್ರೀಜರ್‌ಗೆ ತಳ್ಳಬೇಡಿ. ಹೊರಗೆ ಮಂಜುಗಟ್ಟಿದ್ದರೂ ನಡುವೆ ಗಂಟೆಗಟ್ಟಲೆ ಬೆಚ್ಚಗೇ ಇದ್ದು ಕೆಡುತ್ತದೆ. ಒಂದೊಂದು ಕಿಲೋ ಮಾಡಿ, ತೆಳ್ಳಗೆ ಹರಡಿ ಇಡಿ.

ಬೋಟಿಗಿಂತ ಖೀಮಾದ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಇಡೀ ತುಂಡಿನಲ್ಲಿ ರೋಗಾಣು ಮೇಲ್ಮೈಯಲ್ಲಿರುತ್ತದೆ, ಉರಿಗೆ ಸಾಯುತ್ತದೆ. ಅರೆದಾಗ ಅದೇ ಮೇಲ್ಮೈ ಒಳಗೂ ಹೋಗುತ್ತದೆ. ಆದ್ದರಿಂದ ಮಾಂಸವನ್ನು ತೊಳೆದು ನೀರು ಬಸಿದು ಆಮೇಲೆ ಖೀಮಾ ಮಾಡಿಸಿ, ಖೀಮಾವನ್ನು ತೊಳೆಯಬೇಡಿ. ಅಂಗಡಿಯ ಯಂತ್ರವನ್ನು ತೊಳೆದಿದ್ದಾರೆಯೇ ಎಂದು ಕೇಳಲು ಸಂಕೋಚಪಡಬೇಡಿ. ಕೋಳಿಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದರೆ ಹನಿಗಳು ಪಕ್ಕದ ಕೊತ್ತಂಬರಿಗೂ ಹಾರುತ್ತವೆ. ತೊಳೆಯಲೇಬೇಕೆಂದರೆ ಪಾತ್ರೆಯ ನೀರಿನಲ್ಲಿ ಮೆಲ್ಲಗೆ ತೊಳೆದು, ನಂತರ ಸಿಂಕು, ಕೈ ಎರಡನ್ನೂ ಸೋಪಿನಿಂದ ತೊಳೆಯಿರಿ. ಹಸಿ ಮಾಂಸ ತಂದ ತಟ್ಟೆಯಲ್ಲೇ ಬೆಂದದ್ದನ್ನು ಹಾಕುವುದು ನಾನು ನೋಡಿದ ಅತಿ ಸಾಮಾನ್ಯ ತಪ್ಪು. ಮಾಳಿಗೆ ಹತ್ತುವಾಗಲೇ ಎರಡು ತಟ್ಟೆ, ಎರಡು ಇಕ್ಕಳ ತೆಗೆದುಕೊಂಡು ಹೋಗಿ.

ನಮ್ಮ ಮನೆಯ ಸೀಕ್ ಕಬಾಬ್ ಹೀಗೆ. ಒಂದು ಕಿಲೋ ಕುರಿ ಖೀಮಾ, ಅದರಲ್ಲೇ ನೂರೈವತ್ತು ಗ್ರಾಂ ಕೊಬ್ಬು ಸೇರಿರಲಿ. ಕೊಬ್ಬೇ ಇಲ್ಲದ ಖೀಮಾ ಸೀಕಿಗೆ ಹಿಡಿಯದೆ ಉದುರುತ್ತದೆ. ಎರಡು ಈರುಳ್ಳಿ ಸಣ್ಣಗೆ ಹೆಚ್ಚಿ, ಬಟ್ಟೆಯಲ್ಲಿ ಕಟ್ಟಿ ಹಿಂಡಿ ನೀರು ತೆಗೆಯಿರಿ. ಶುಂಠಿ-ಬೆಳ್ಳುಳ್ಳಿ ಅರೆದದ್ದು ಎರಡು ದೊಡ್ಡ ಚಮಚ, ಹಸಿಮೆಣಸಿನಕಾಯಿ ಆರು, ಒಂದು ಹಿಡಿ ಕೊತ್ತಂಬರಿ-ಪುದೀನ, ಹುರಿಗಡಲೆ ಪುಡಿ ನಾಲ್ಕು ದೊಡ್ಡ ಚಮಚ, ಉಪ್ಪು ಎರಡು ಸಣ್ಣ ಚಮಚ, ಗರಂ ಮಸಾಲೆ ಒಂದೂವರೆ ಸಣ್ಣ ಚಮಚ. ಎಂಟು-ಹತ್ತು ಕಾಳು ಕಬಾಬ್ ಚೀನಿ, ಅಂದರೆ ಬಾಲಮೆಣಸು, ಹುರಿದು ಪುಡಿ ಮಾಡಿ ಸೇರಿಸಿ. ನಾವು ದವಾಖಾನೆಯಲ್ಲಿ ಮೂತ್ರದ ತೊಂದರೆಗೆ ಕೊಡುವುದೂ ಇದನ್ನೇ. ಅಡುಗೆಮನೆಗೂ ಔಷಧದ ಪೆಟ್ಟಿಗೆಗೂ ನಮ್ಮಲ್ಲಿ ಗೋಡೆ ತೆಳು. ಸಿಪ್ಪೆ ಸಮೇತ ಅರೆದ ಹಸಿ ಪಪ್ಪಾಯಿ ಒಂದೇ ದೊಡ್ಡ ಚಮಚ. ಹೆಚ್ಚಾದರೆ, ರಾತ್ರಿಯಿಡೀ ಬಿಟ್ಟರೆ ಮಾಂಸ ಗಂಜಿಯಾಗುತ್ತದೆ. ಮನೆಯಲ್ಲಿ ಗರ್ಭಿಣಿಯಿದ್ದರೆ ಪಪ್ಪಾಯಿ ಬಿಟ್ಟು ಗಟ್ಟಿ ಮೊಸರು ಹಾಕಿ. ಎಲ್ಲವನ್ನೂ ಹತ್ತು ನಿಮಿಷ ನಾದಿ, ಒಂದು ಗಂಟೆ ಫ್ರಿಜ್ಜಿನಲ್ಲಿಡಿ. ಹೊರಗೆ, ಕಟ್ಟೆಯ ಮೇಲೆ ಬೇಡ.

ಕೈ ಒದ್ದೆ ಮಾಡಿಕೊಂಡು ಸೀಕಿಗೆ ಬೆರಳು ದಪ್ಪ ಹಚ್ಚಿ. ಕೆಂಡವನ್ನೆಲ್ಲ ಒಲೆಯ ಒಂದು ಪಕ್ಕಕ್ಕೆ ತಳ್ಳಿ, ಇನ್ನೊಂದು ಪಕ್ಕ ಖಾಲಿ ಬಿಡಿ. ಮೊದಲು ಕೆಂಡದ ಮೇಲೆ ಎರಡು ನಿಮಿಷ ಬಣ್ಣ ಬರಿಸಿ, ಆಮೇಲೆ ಖಾಲಿ ಪಕ್ಕಕ್ಕೆ ಸರಿಸಿ ತಿರುಗಿಸುತ್ತ ಬೇಯಿಸಿ. ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿದಾಗ ಏಳುವ ಹೊಗೆಯಲ್ಲಿ, ಕರಕಲಾದ ಮಾಂಸದಲ್ಲಿ ಕ್ಯಾನ್ಸರ್‌ಗೆ ಕಾರಣವಾಗಬಲ್ಲ ವಸ್ತುಗಳಿರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಕೆಂಪು ಮಾಂಸವನ್ನೇ "ಬಹುಶಃ ಕ್ಯಾನ್ಸರ್‌ಕಾರಕ" ಎಂಬ ಗುಂಪಿಗೆ ಸೇರಿಸಿತು. ಹಬ್ಬಕ್ಕೊಮ್ಮೆ ತಿಂದರೆ ಹೆದರಬೇಕಿಲ್ಲ. ಪ್ರತಿ ಭಾನುವಾರವೂ ಕರಕಲು ತಿನ್ನುವುದು ಬೇಡ. ಕಪ್ಪಾದ ಭಾಗವನ್ನು ಕತ್ತರಿಸಿ ಎಸೆಯಿರಿ, "ಅದೇ ರುಚಿ" ಎನ್ನುವ ಮಾವನವರಿಗೂ ಅದನ್ನು ಬಡಿಸಬೇಡಿ. ಮೊಸರು, ನಿಂಬೆ, ಬೆಳ್ಳುಳ್ಳಿ ಹಚ್ಚಿ ನೆನೆಸಿದ ಮಾಂಸದಲ್ಲಿ ಇಂಥ ವಸ್ತುಗಳು ಕಡಿಮೆ ಹುಟ್ಟುತ್ತವೆ.

ಬೆಂದಿದೆಯೇ ಎಂದು ಬಣ್ಣ ನೋಡಿ ಹೇಳಲಾಗದು. ಚುಚ್ಚಿ ನೋಡುವ ಅಡುಗೆಯ ಥರ್ಮಾಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅಲಂಕಾರದ ಒಲೆಗಿಂತ ಮೊದಲು ಕೊಳ್ಳಬೇಕಾದದ್ದು ಅದೇ. ಖೀಮಾದ ನಡುವೆ 71 ಡಿಗ್ರಿ ಸೆಲ್ಸಿಯಸ್, ಕೋಳಿಗೆ ಮೂಳೆಯ ಹತ್ತಿರ 74 ಡಿಗ್ರಿ ಬರಬೇಕು. ಕೋಳಿಯ ಕಾಲನ್ನು ಮೂಳೆಯವರೆಗೆ ಗೀರಿ, ಕಿಲೋಗೆ ಒಂದು ಬಟ್ಟಲು ಮೊಸರು, ಅರಿಶಿನ, ಬ್ಯಾಡಗಿ ಮೆಣಸಿನ ಪುಡಿ, ನಿಂಬೆ ಹಚ್ಚಿ ನಾಲ್ಕು ಗಂಟೆ ಇಟ್ಟರೆ ಸಾಕು. ಕೆಂಪು ಬಣ್ಣದ ಪುಡಿ ಯಾಕೆ ಬೇಕು?

ಮುಳಬಾಗಿಲು ಕಡೆಯವರು ಪತ್ಥರ್ ಕಾ ಗೋಶ್ತ್ ಬಗ್ಗೆ ಕೇಳುತ್ತಾರೆ. ಊರ ಸುತ್ತ ಬಂಡೆಯೇ ಇರುವಾಗ ಆಸೆ ಸಹಜ. ಹೈದರಾಬಾದಿನ ಈ ಖಾದ್ಯಕ್ಕೆ ಎರಡು ಅಂಗುಲ ದಪ್ಪದ, ಬಿರುಕಿಲ್ಲದ, ಪಾಲಿಶ್ ಮಾಡದ ಗ್ರಾನೈಟ್ ಚಪ್ಪಡಿ ಬೇಕು. ಮನೆಗೆ ಹಾಸಿ ಮಿಕ್ಕ ಹೊಳಪಿನ ತುಂಡಿಗೆ ಅಂಟು ತುಂಬಿರುತ್ತದೆ, ಅದು ಬೇಡ. ಕೆರೆಯಂಗಳದ ಒದ್ದೆ ಕಲ್ಲೂ ಬೇಡ, ಒಳಗಿನ ನೀರು ಆವಿಯಾಗಿ ಸಿಡಿಯುತ್ತದೆ. ಚಪ್ಪಡಿಯನ್ನು ಮೆಲ್ಲಗೆ, ಅರ್ಧ-ಮುಕ್ಕಾಲು ಗಂಟೆ ಕಾಯಿಸಿ. ಮೂಳೆಯಿಲ್ಲದ ತೆಳು ತುಂಡುಗಳನ್ನು ಹಾಕಿ. ಬಿಸಿ ಕಲ್ಲಿಗೆ ತಣ್ಣೀರು ಚಿಮುಕಿಸಬೇಡಿ.

ಸುಟ್ಟ ಮಾಂಸ ಯೂನಾನಿಯ ಲೆಕ್ಕದಲ್ಲಿ ಒಣ ಗುಣದ್ದು, ಬೇಯಿಸಿದ್ದಕ್ಕಿಂತ ಜೀರ್ಣಕ್ಕೆ ನಿಧಾನ. ಅದಕ್ಕೇ ಜೊತೆಯಲ್ಲಿ ತೇವ ಬೇಕು. ಸೌತೆ, ಮೂಲಂಗಿ, ಈರುಳ್ಳಿ, ಕೆಂಡದ ಮೇಲೆ ಇಡಿಯಾಗಿ ಸುಟ್ಟ ಕೋಲಾರದ ಟೊಮೆಟೊ, ಪುದೀನದ ಜೊತೆ ಅರೆದ ತೋತಾಪುರಿ ಕಾಯಿ ಇರಲಿ. ಕೋಲಾ ಬಾಟಲಿಯ ಬದಲು ಸಿಕಂಜಬೀನ್ ಮಾಡಿ: ವಿನೆಗರ್ ಮತ್ತು ಜೇನಿನ ಪಾಕ ಎರಡು ಚಮಚವನ್ನು ತಣ್ಣೀರಿಗೆ ಬೆರೆಸಿ ಕುಡಿಯುವುದು. ಸಕ್ಕರೆ ಕಾಯಿಲೆಯವರು ಪಾಕ ಬಿಟ್ಟು ನಿಂಬೆ-ಜೀರಿಗೆ ನೀರು ಕುಡಿಯಲಿ. ರಕ್ತದೊತ್ತಡದವರ ಪಾಲಿಗೆ ಉಪ್ಪು ಅರ್ಧ ಹಾಕಿದ ಎರಡು ಸೀಕು ಬೇರೆ ಮಾಡಿ. ಮೂತ್ರಪಿಂಡದ ಕಾಯಿಲೆ, ಗೌಟ್ ಇರುವವರು ತಮ್ಮ ವೈದ್ಯರು ಹೇಳಿದ ಅಳತೆ ಮೀರಬಾರದು. ಮಿಕ್ಕದ್ದನ್ನು ಎರಡು ಗಂಟೆಯೊಳಗೆ, ಏಪ್ರಿಲ್-ಮೇ ಬಿಸಿಲಿನಲ್ಲಿ ಒಂದು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ.

ಈಚಿನ ವರ್ಷಗಳಲ್ಲಿ ಬಕ್ರೀದ್ ಮೇ-ಜೂನ್‌ನಲ್ಲಿ ಬರುತ್ತಿದೆ. ಮಧ್ಯಾಹ್ನ ಸುಡುಬಿಸಿಲು, ಸಂಜೆ ಗುಡುಗು-ಮಳೆ. ಹಾಗಾಗಿ ಮಳೆ ಬಂದರೆ ಏನೆಂದು ಒಲೆ ಹೊತ್ತಿಸುವ ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳಿ. ಕೆಂಡ ಮಾಳಿಗೆಯ ಮೇಲೇ ನೆನೆಯಲಿ, ಮಾಂಸ ಮಾತ್ರ ಕೆಳಗೆ ಬರಲಿ. ಕಬ್ಬಿಣದ ಕಾವಲಿಯ ಮೇಲೆ, ಗ್ಯಾಸ್ ಒಲೆಯಲ್ಲಿ ಸೀಕುಗಳನ್ನು ತಿರುಗಿಸಿ ಬೇಯಿಸಿ. ಹೊಗೆಯ ರುಚಿ ಬೇಕೇ ಬೇಕೆಂದರೆ ಕಬಾಬಿನ ಪಾತ್ರೆಯನ್ನು ಮಳೆ ಬೀಳದ ಹೊರ ಜಗಲಿಗೆ ಒಯ್ಯಿರಿ. ನಡುವೆ ಸ್ಟೀಲ್ ಬಟ್ಟಲಿಟ್ಟು, ಒಂದೇ ಒಂದು ಕೆಂಡ, ಅದರ ಮೇಲೆ ಅರ್ಧ ಚಮಚ ತುಪ್ಪ ಹಾಕಿ, ಎರಡು ನಿಮಿಷ ಮುಚ್ಚಿ. ನಂತರ ಆ ಕೆಂಡವನ್ನು ನೀರಿಗೆ ಹಾಕಿ.

ಒಲೆಯಲ್ಲಿ ಉಳಿದದ್ದಕ್ಕೆ ನೀರು ಹಾಕಿ ಕಲಕಿ, ಮತ್ತೆ ನೀರು ಹಾಕಿ. ಮೇಲೆ ಬೂದಿ ಕಂಡರೂ ಒಳಗೆ ಮರುದಿನದವರೆಗೆ ಕೆಂಡವಿರಬಹುದು. ಬೆಳಿಗ್ಗೆ ಬರಿಗಾಲಲ್ಲಿ ಆಡಲು ಬಂದ ಮಕ್ಕಳ ಪಾದ ಸುಟ್ಟದ್ದಕ್ಕೆ ಪಟ್ಟಿ ಕಟ್ಟಿದ್ದೇನೆ. ಪ್ಲಾಸ್ಟಿಕ್ ಬುಟ್ಟಿಗೆ ಹಾಕದೆ ಕಬ್ಬಿಣದ ಬಾಂಡಲಿಯಲ್ಲಿಟ್ಟು, ಒಂದು ದಿನ ಕಳೆದ ಮೇಲೆ ಎಸೆಯಿರಿ.